ಅಲನ್ ಪೇಜ್: ವಕೀಲನಾಗಬೇಕೆಂದಿದ್ದ ಹುಡುಗ ನಡುವೆ 15 ಸೀಸನ್ ಫುಟ್‌ಬಾಲ್ ಆಡಿದ

ಸೇಂಟ್‌ಪಾಲ್ ಕನ್ನಡಿಗ

ಅಮೆರಿಕನ್ ಫುಟ್‌ಬಾಲ್ ಮಾತು ಬಂದರೆ ಎಲ್ಲರ ಬಾಯಲ್ಲೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ಹೆಸರೇ. ಮುಂದಿನ ಸಾಲಿನಲ್ಲಿ ನಿಂತು ಗುದ್ದಾಡುವ ಲೈನ್‌ಮನ್‌ಗಳನ್ನು ಕೇಳುವವರಿಲ್ಲ. ಚೆಂಡು ಅವರ ಕೈಗೆ ಸಿಗುವುದೇ ಅಪರೂಪ. ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಮ್ಮ ಕಣ್ಣೂ ಅದರ ಜೊತೆ ಹೋಗುತ್ತದೆ. ಆದರೆ ಪ್ರತಿ ಸಲ ಚೆಂಡು ಎತ್ತಿದ ಮೊದಲ ಎರಡು ಸೆಕೆಂಡಿನಲ್ಲಿ ಏನಾಗುತ್ತದೋ ಅದನ್ನು ತೀರ್ಮಾನಿಸುವವರು ಇವರೇ.

ಇವತ್ತು ಬರೆಯುತ್ತಿರುವುದು ಅಂಥ ಒಬ್ಬರ ಬಗ್ಗೆ. ಅಲನ್ ಪೇಜ್. ಮಿನ್ನೆಸೋಟಾ ವೈಕಿಂಗ್ಸ್ ತಂಡದ ಡಿಫೆನ್ಸಿವ್ ಟ್ಯಾಕಲ್. ಆಮೇಲೆ ಇದೇ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ.

ಅವರ ಬಗ್ಗೆ ಬರೆಯುವವರೆಲ್ಲ "ಆಟಗಾರ ಜಡ್ಜ್ ಆದ" ಅಂತ ಶುರು ಮಾಡುತ್ತಾರೆ. ಏನೋ ಪವಾಡ ನಡೆದ ಹಾಗೆ. ನನಗೆ ಈ ಕಥೆ ಹಾಗೆ ಕಾಣುವುದಿಲ್ಲ. ಅವರು ಹುಟ್ಟಿದ್ದು 1945ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಕಪ್ಪು ಜನರ ಮನೆಯ ಹುಡುಗನಿಗೆ ಮುಂದೆ ಕಾಣುತ್ತಿದ್ದುದು ಆ ಕಾರ್ಖಾನೆಯ ಕೆಲಸವೇ. 1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂತು. ಬಿಳಿಯರಿಗೆ ಬೇರೆ ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಪೇಜ್ ಆಗ ಇನ್ನೂ ಚಿಕ್ಕ ಹುಡುಗ. ಕಾನೂನಿಗೆ ಇಂಥ ಶಕ್ತಿ ಇದೆ ಅಂತ ಅನ್ನಿಸಿದ್ದು ಆಗಲೇ ಅಂತ ಅವರು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿದ್ದು ಅದಾದ ಮೇಲೆ. ಆಸೆಯಲ್ಲಿ ಮೊದಲು ಬಂದದ್ದು ಕೋರ್ಟು, ಮೈದಾನ ಅಲ್ಲ. ಅದಕ್ಕೇ ಈ ತಲೆಬರಹ.

ಆ ಕ್ಯಾಂಟನ್ ಊರಿನಲ್ಲೇ ಫುಟ್‌ಬಾಲ್ ಹಾಲ್ ಆಫ್ ಫೇಮ್ ಇದೆ, ದೊಡ್ಡ ಆಟಗಾರರನ್ನು ಗೌರವಿಸುವ ಜಾಗ. 1963ರಲ್ಲಿ ತೆರೆಯಿತು. ಅದರ ಕಟ್ಟಡ ಕೆಲಸಕ್ಕೆ ಹೋದ ಕೂಲಿಗಳಲ್ಲಿ ಪೇಜ್ ಕೂಡ ಒಬ್ಬರು, ಆಗಿನ್ನೂ ಹದಿಹರೆಯ. 25 ವರ್ಷದ ಮೇಲೆ, 1988ರಲ್ಲಿ, ಅದೇ ಕಟ್ಟಡದಲ್ಲಿ ಅವರ ಕಂಚಿನ ಮುಖ ಕೂತಿತು.

ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಆಡಿದರು. 1966ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಓದಿದ್ದು ರಾಜ್ಯಶಾಸ್ತ್ರ. 1967ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, 15ನೆಯವರಾಗಿ ವೈಕಿಂಗ್ಸ್ ಅವರನ್ನು ಆರಿಸಿಕೊಂಡಿತು. ಎಡೆಬಿಡದೆ 218 ಪಂದ್ಯ. ಒಂದೂ ತಪ್ಪಲಿಲ್ಲ. ಲೈನ್‌ನಲ್ಲಿ ನಿಂತವನು ಪ್ರತಿ ವಾರ ಮೈಯೆಲ್ಲ ನುಜ್ಜುಗುಜ್ಜಾಗಿ ಮನೆಗೆ ಹೋಗುತ್ತಾನೆ. ಅಂಥ ಜಾಗದಲ್ಲಿ ಇದು ಎಂಥ ಸಂಖ್ಯೆ ಅಂತ ಯೋಚಿಸಿ.

1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅವರನ್ನು ಇಡೀ ಲೀಗಿನ ಅತ್ಯುತ್ತಮ ಆಟಗಾರ ಅಂತ ಆರಿಸಿತು. ರಕ್ಷಣಾ ಸಾಲಿನವರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಸಿಕ್ಕಿದ್ದು ಒಬ್ಬರಿಗೇ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ.

ಉಳಿದದ್ದನ್ನು ಮಾತಾಡುತ್ತಾ ಹೇಳುತ್ತೇನೆ.

ಮಂಡ್ಯ ಪಿ.ಇ. ಮೇಷ್ಟ್ರು

ಸರ್, ಚೆನ್ನಾಗಿದೆ. ಆದರೆ ನಮ್ಮಂಥವರಿಗೆ ಆ ಆಟವೇ ಸರಿಯಾಗಿ ಗೊತ್ತಿಲ್ಲ. ಡಿಫೆನ್ಸಿವ್ ಟ್ಯಾಕಲ್ ಅಂದರೆ ಎಲ್ಲಿ ನಿಲ್ಲುತ್ತಾನೆ? ಏನು ಮಾಡುತ್ತಾನೆ? ಮಕ್ಕಳಿಗೆ ಕಬಡ್ಡಿ ಕಲಿಸುವವನು ನಾನು, ಅದರ ಭಾಷೆಯಲ್ಲಿ ಹೇಳಿದರೆ ಅರ್ಥ ಆದೀತು.

ಸೇಂಟ್‌ಪಾಲ್ ಕನ್ನಡಿಗ

ಮೇಷ್ಟ್ರೇ, ಹನ್ನೊಂದು ಜನ ಈ ಕಡೆ, ಹನ್ನೊಂದು ಜನ ಆ ಕಡೆ. ಚೆಂಡು ಯಾರ ಹತ್ತಿರ ಇದೆಯೋ ಅವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಅವರ ಮುಂದಿನ ಸಾಲಿನಲ್ಲಿ ಐದು ದೈತ್ಯರು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಯಲ್ಲಿ ಇಬ್ಬರು ಟ್ಯಾಕಲ್. ಇವರ ಕೆಲಸ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದು. ಎದುರು ಸಾಲಿನ ನಾಲ್ವರು ಆ ಗೋಡೆ ಒಡೆದು ಒಳಗೆ ನುಗ್ಗಬೇಕು. ಆ ನಾಲ್ವರಲ್ಲಿ ನಡುವಿನ ಇಬ್ಬರು ಡಿಫೆನ್ಸಿವ್ ಟ್ಯಾಕಲ್‌ಗಳು. ಪೇಜ್ ಅದರಲ್ಲಿ ಬಲಗಡೆಯವರು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್.

ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದು ಕಾಲು ಚಾಚುವವರೆಗೆ ಕಾದು ಕೂತು ಹಿಡಿಯುವ ಡಿಫೆಂಡರ್ ಇರುತ್ತಾನೆ, ಅವನು ಒಂದು ಹೆಜ್ಜೆ ಇಟ್ಟ ಕೂಡಲೇ ಮೈಮೇಲೆ ಬೀಳುವವನೂ ಇರುತ್ತಾನೆ. ಪೇಜ್ ಎರಡನೇ ಜಾತಿ. ಚೆಂಡು ಅಲುಗಿದ ಕ್ಷಣಕ್ಕೆ ಅವರು ಎದುರಿನವನನ್ನು ದಾಟಿರುತ್ತಿದ್ದರು. ಆ ಕಾಲದ ಕೋಚ್‌ಗಳು ಡಿಫೆನ್ಸಿವ್ ಟ್ಯಾಕಲ್‌ಗೆ ಹೇಳುತ್ತಿದ್ದುದು, ಎದುರಿನವನನ್ನು ತಡೆದು ನಿಲ್ಲು, ಚೆಂಡು ಎತ್ತ ಹೋಗುತ್ತದೆ ನೋಡು, ಆಮೇಲೆ ಹೋಗು ಅಂತ. ಪೇಜ್ ಕಾಯುತ್ತಿರಲಿಲ್ಲ. ಆರಡಿ ನಾಲ್ಕಿಂಚು ಎತ್ತರ, ಸುಮಾರು 110 ಕೆ.ಜಿ. ತೂಕ. ನಮಗೆ ಅದು ಜಾಸ್ತಿ ಅನ್ನಿಸಬಹುದು. ಆ ಸ್ಥಾನಕ್ಕೆ ಅವರು ಹಗುರ ಆಳು. ತೂಕದಲ್ಲಿ ಕಳೆದುಕೊಂಡದ್ದನ್ನು ವೇಗದಲ್ಲಿ ಗಳಿಸಿಕೊಂಡರು.

1971ರ ಡೆಟ್ರಾಯಿಟ್ ಪಂದ್ಯದ ತುಣುಕು ಸಿಕ್ಕರೆ ಮಕ್ಕಳಿಗೆ ತೋರಿಸಿ. ತಮ್ಮ ಮೇಲೆ ಕೊಟ್ಟ ಪೆನಾಲ್ಟಿಗೆ ಕೆರಳಿ, ಅಲ್ಲಿಂದ ಮುಂದೆ ಎದುರಿನ ತಂಡವನ್ನು ಒಬ್ಬರೇ ಹಿಂದಕ್ಕೆ ಅಟ್ಟಿದ ಹಾಗೆ ಆಡಿದರು. ಸಿಟ್ಟು ಬಂದವರು ಸಾಮಾನ್ಯವಾಗಿ ತಪ್ಪು ಮಾಡುತ್ತಾರೆ. ಇವರ ಸಿಟ್ಟು ಕಾಲಿಗೆ ಇಳಿಯಿತು.

ಡಲ್ಲಾಸ್ ಗೌಡ್ರು

ಪೇಜ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ಥಾನದಲ್ಲಿ ಎಲ್ಲರಿಗಿಂತ ಮೇಲೆ ಅಂತ ನಾನು ಒಪ್ಪುವುದಿಲ್ಲ. ನಮ್ಮ ಬಾಬ್ ಲಿಲ್ಲಿ ಇದ್ದರು. ಪಿಟ್ಸ್‌ಬರ್ಗ್‌ನ ಜೋ ಗ್ರೀನ್ ಇದ್ದರು. ಗ್ರೀನ್ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು. ವೈಕಿಂಗ್ಸ್ ನಾಲ್ಕು ಆಡಿ ನಾಲ್ಕೂ ಸೋತಿತು. 1970ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ವಿರುದ್ಧ 23–7, ಆಮೇಲೆ ಮಿಯಾಮಿ 24–7, ಪಿಟ್ಸ್‌ಬರ್ಗ್ 16–6, ಓಕ್‌ಲ್ಯಾಂಡ್ 32–14. ನಾಲ್ಕರಲ್ಲೂ ಎದುರಿನವರು ಚೆಂಡು ಎಸೆಯುವುದಕ್ಕಿಂತ ಕೈಯಲ್ಲಿ ಹಿಡಿದು ನುಗ್ಗಿಯೇ ಅವರ ಸಾಲನ್ನು ಹಿಂದಕ್ಕೆ ತಳ್ಳಿದರು. ಹಗುರ ಆಳು, ಕಾಯದೆ ಮುನ್ನುಗ್ಗುವ ಆಳು ನಡುವೆ ಇದ್ದರೆ ಅವನು ಬಿಟ್ಟುಹೋದ ಜಾಗದಲ್ಲೇ ಓಡುತ್ತಾರೆ.

ಇನ್ನು ಸ್ಯಾಕ್ ಲೆಕ್ಕ. ಲೀಗ್ ಅಧಿಕೃತವಾಗಿ ಸ್ಯಾಕ್ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಪೇಜ್ ನಿವೃತ್ತಿ 1981ರಲ್ಲಿ. ಅವರ ಹೆಸರಲ್ಲಿ ಹೇಳುವ 148.5 ಆಮೇಲೆ ಕೂತು ಲೆಕ್ಕ ಹಾಕಿದ್ದು.

ಸೇಂಟ್‌ಪಾಲ್ ಕನ್ನಡಿಗ

ಗೌಡ್ರೇ, ಸೋಲಿನ ಲೆಕ್ಕ ನೀವು ಕೊಟ್ಟ ಹಾಗೇ ಇದೆ. ಓಟದ ಆಟದ ವಿಚಾರದಲ್ಲೂ ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ 16–6 ಅಂತ ಸೋತ ಪಂದ್ಯ ತೆಗೆದುಕೊಳ್ಳಿ. 1975ರ ಜನವರಿ, ನ್ಯೂ ಆರ್ಲಿಯನ್ಸ್. ಎದುರಾಳಿಗೆ 16 ಅಂಕ ಮಾತ್ರ ಬಿಟ್ಟುಕೊಟ್ಟ ರಕ್ಷಣೆಯಿಂದಲೇ ಸೋಲಾಯಿತು ಅಂತ ಹೇಳೋಕಾಗುತ್ತಾ? ಆವತ್ತು ವೈಕಿಂಗ್ಸ್ ಗಳಿಸಿದ ಆರು ಅಂಕವೂ ಬಂದದ್ದು ಪಂಟ್, ಅಂದರೆ ಎದುರಿನವರು ದೂರಕ್ಕೆ ಒದ್ದ ಚೆಂಡು, ತಡೆದು ಹಿಡಿದದ್ದರಿಂದ. ಬ್ಯಾಟಿಂಗ್ ಕಡೆಯವರು, ಅಂದರೆ ಚೆಂಡು ಹಿಡಿದು ಹೋಗುವವರು, ಒಂದು ಅಂಕವನ್ನೂ ತರಲಿಲ್ಲ.

1969ರ ಸೀಸನ್ ನೋಡಿ. 14 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ. ಪಂದ್ಯಕ್ಕೆ 10 ಕೂಡ ಇಲ್ಲ. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್, ಪೇಜ್. ಆ ನಾಲ್ವರ ಸಾಲಿಗೆ ಜನ ಪ್ರೀತಿಯಿಂದ ಇಟ್ಟ ‘ಪರ್ಪಲ್ ಪೀಪಲ್ ಈಟರ್ಸ್’ ಅನ್ನುವ ಅಡ್ಡಹೆಸರು ಇಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಆಡಿದ್ದೂ ಎಲ್ಲಿ? ಬ್ಲೂಮಿಂಗ್ಟನ್‌ನ ಮೆಟ್ರೊಪಾಲಿಟನ್ ಸ್ಟೇಡಿಯಂನಲ್ಲಿ, ತೆರೆದ ಬಯಲಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿನ ಚಳಿ ಕಂಡವರಿಗೆ ಗೊತ್ತು. ಕೋಚ್ ಬಡ್ ಗ್ರಾಂಟ್ ತಮ್ಮ ಕಡೆ ಬೆಂಚಿನ ಹತ್ತಿರ ಹೀಟರ್ ಇಡಲು ಬಿಡುತ್ತಿರಲಿಲ್ಲ. ಎದುರು ತಂಡದವರು ಒಲೆ ಕಾಯಿಸುತ್ತಾ ನಿಂತಿದ್ದರೆ ಇವರು ಸುಮ್ನೆ ನಿಂತಿರುತ್ತಿದ್ದರು. ಊರಿಂದ ಯಾರೇ ಬಂದರೂ ನಾವೆಲ್ಲ ಕರೆದುಕೊಂಡು ಹೋಗುವ ಮಾಲ್ ಆಫ್ ಅಮೆರಿಕ ಇದೆಯಲ್ಲ, ಅದು ನಿಂತಿರುವುದು ಆ ಮೈದಾನದ ಜಾಗದಲ್ಲೇ.

ಡಲ್ಲಾಸ್ ಗೌಡ್ರು

133 ಅಂಕದ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಲಿಲ್ಲಿ ಮೇಲಿನ ಅಭಿಮಾನ ಮಾತ್ರ ಬಿಡುವುದಿಲ್ಲ.

ಮೈಸೂರು ಡಾಕ್ಟರಮ್ಮ

ಸೀಸನ್ ನಡೆಯುವಾಗಲೇ ಕಾನೂನು ಓದಿದ್ದು ಹೇಗೆ? ಅದೂ ಈ ಥರ ಮೈ ಜಜ್ಜಿಹೋಗುವ ಕೆಲಸದ ನಡುವೆ?

ಸೇಂಟ್‌ಪಾಲ್ ಕನ್ನಡಿಗ

ಡಾಕ್ಟ್ರೇ, ಈ ಎಳೆ ಶುರು ಮಾಡಿದ್ದೇ ಆ ಭಾಗ ಬರೆಯಬೇಕು ಅಂತ.

ಮೊದಲ ಸಲ ವಿಲಿಯಂ ಮಿಚೆಲ್ ಲಾ ಕಾಲೇಜಿಗೆ ಸೇರಿದರು. ಮೂರು ವಾರಕ್ಕೆ ಬಿಟ್ಟರು. ಆಮೇಲೆ ಎಷ್ಟೋ ವರ್ಷ ಆ ಕಡೆ ತಲೆ ಹಾಕಲಿಲ್ಲ. ಆ ನಡುವೆ ಆಟಗಾರರ ಸಂಘದಲ್ಲಿ ತಂಡದ ಪ್ರತಿನಿಧಿಯಾದರು. ಆಗಿನ ನಿಯಮ ಹೇಗಿತ್ತು ಗೊತ್ತಾ? ಒಪ್ಪಂದ ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ, ಹೊಸ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎಷ್ಟು, ಯಾರನ್ನು ಅಂತ ಹೇಳುವವರು ಲೀಗ್ ಕಮಿಷನರ್ ಪೀಟ್ ರೋಜೆಲ್. ಪರಿಹಾರ ಏನಾಗುತ್ತದೋ ಗೊತ್ತಿಲ್ಲದೆ ಯಾವ ತಂಡ ಮುಂದೆ ಬರುತ್ತದೆ? ಹಾಗಾಗಿ ಒಪ್ಪಂದ ಮುಗಿದರೂ ಆಟಗಾರ ಅಲ್ಲೇ ಕಟ್ಟುಬಿದ್ದಿರುತ್ತಿದ್ದ. 1974ರಲ್ಲಿ ಇದನ್ನೇ ಮುಂದಿಟ್ಟುಕೊಂಡು ಮುಷ್ಕರ ಆಯಿತು. ಜಾನ್ ಮ್ಯಾಕಿ ಹೆಸರಿನ ಮೊಕದ್ದಮೆ ಮಿನಿಯಾಪೊಲಿಸ್‌ನ ಫೆಡರಲ್ ಕೋರ್ಟ್‌ನಲ್ಲೇ ನಡೆದು, 1976ರಲ್ಲಿ ಮೇಲ್ಮನವಿ ಕೋರ್ಟ್ ಆ ನಿಯಮ ಕಾನೂನಿಗೆ ವಿರುದ್ಧ ಅಂತ ಹೇಳಿತು. ಆಟಗಾರನ ಹೊಟ್ಟೆಪಾಡು ಕೋರ್ಟಿನಲ್ಲಿ ತೀರ್ಮಾನವಾಗುವುದನ್ನು ಪೇಜ್ ತೀರಾ ಹತ್ತಿರದಿಂದ ನೋಡಿದರು. ಆ ವರ್ಷಗಳಲ್ಲೇ ಅವರು ಮಿನ್ನೆಸೋಟಾ ವಿಶ್ವವಿದ್ಯಾಲಯದ ಲಾ ಸ್ಕೂಲಿಗೆ ಸೇರಿದ್ದರು. 1978ರಲ್ಲಿ ಪದವಿ ಬಂತು.

1978ರಲ್ಲೇ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು.

ಕಾರಣ ಓಟ. ಅವರ ಹೆಂಡತಿ ಡಯಾನ್ ಸಿಗರೇಟು ಬಿಡಬೇಕು ಅಂತ ಓಡಲು ಶುರು ಮಾಡಿದರು. ಇವರೂ ಜೊತೆಗೆ ಓಡಿದರು. ಹುಚ್ಚು ಹಿಡಿಯಿತು. ತೂಕ ಸುಮಾರು 102 ಕೆ.ಜಿ.ಗೆ ಇಳಿಯಿತು. ಡಿಫೆನ್ಸಿವ್ ಟ್ಯಾಕಲ್‌ಗೆ ಈ ತೂಕ ಸಾಲದು ಅಂತ ಗ್ರಾಂಟ್ ಹೇಳಿದರು. ಪೇಜ್ ತೂಕ ಏರಿಸಲಿಲ್ಲ. ಸೀಸನ್ ನಡುವೆಯೇ ಹೊರಗೆ ಹಾಕಿದರು. ಶಿಕಾಗೊ ಬೇರ್ಸ್ ಅವರನ್ನು ತೆಗೆದುಕೊಂಡಿತು. ಕೊಟ್ಟ ಬೆಲೆ 100 ಡಾಲರ್, ನಿಯಮದ ಪ್ರಕಾರ ಕಟ್ಟಬೇಕಾದ ಶುಲ್ಕ ಅಷ್ಟೇ. ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರಿಗೆ 100 ಡಾಲರ್! ಅಲ್ಲಿನ ಮುಖ್ಯ ಕೋಚ್ ನೀಲ್ ಆರ್ಮ್‌ಸ್ಟ್ರಾಂಗ್ ಹಿಂದೆ ವೈಕಿಂಗ್ಸ್‌ನಲ್ಲೇ ರಕ್ಷಣೆ ನೋಡಿಕೊಳ್ಳುತ್ತಿದ್ದವರು. ಪೇಜ್ ಏನು ಅಂತ ಅವರಿಗೆ ಗೊತ್ತಿತ್ತು. ಅದೇ ಕಡಿಮೆ ತೂಕದಲ್ಲಿ, ಮೂವತ್ತು ದಾಟಿದ ವಯಸ್ಸಲ್ಲಿ, ಶಿಕಾಗೊದಲ್ಲಿ ಇನ್ನೂ 40 ಸ್ಯಾಕ್ ಮಾಡಿದರು. 1979ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು. ಲೀಗಿನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಪೂರೈಸಿದ ಮೊದಲ ಆಟಗಾರ ಅವರು. ಅದೇ ವರ್ಷ ಮಿನಿಯಾಪೊಲಿಸ್‌ನ ಒಂದು ವಕೀಲರ ಸಂಸ್ಥೆಗೂ ಸೇರಿದರು. ಸೀಸನ್ ಇದ್ದಾಗ ಶಿಕಾಗೊದಲ್ಲಿ ಆಟ, ಇಲ್ಲದಾಗ ಇಲ್ಲಿ ವಕೀಲಿಕೆ.

ನನಗೆ ಪೇಜ್ ಅಂದರೆ ಇಲ್ಲೇ ಗೌರವ ಜಾಸ್ತಿ. ದೇಹ ಹೇಗಿರಬೇಕು ಅಂತ ಸಂಬಳ ಕೊಡುವವರು ಹೇಳಿದಾಗ, ಆಡಿ ತೋರಿಸುತ್ತೇನೆ ಆದರೆ ದೇಹ ನನ್ನದು ಅನ್ನುವ ಹಾಗೆ ನಡೆದುಕೊಂಡರು. ನಾಳೆ ಆಟ ಮುಗಿದ ಮೇಲೂ ಬದುಕಬೇಕಾದ ದೇಹ ಅದು.

ಮೈಸೂರು ಡಾಕ್ಟರಮ್ಮ

ಆ ಕೊನೆಯ ಮಾತಿಗೆ ನಾನು ಸ್ವಲ್ಪ ಸೇರಿಸಬೇಕು. ನೀವು ಹೇಳಿದ ನ್ಯೂ ಆರ್ಲಿಯನ್ಸ್ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ತಂಡದಲ್ಲಿ ಮೈಕ್ ವೆಬ್‌ಸ್ಟರ್ ಅನ್ನುವ ಸೆಂಟರ್ ಇದ್ದರು. ಅವರಿಗೆ ಅದು ಮೊದಲ ವರ್ಷ. ನಾಲ್ಕು ಸೂಪರ್ ಬೌಲ್ ಗೆದ್ದ ತಂಡದವರು. ಹಾಲ್ ಆಫ್ ಫೇಮ್ ಸೇರಿದವರು. ನಿವೃತ್ತಿ ಆದ ಮೇಲೆ ನೆನಪು ಕೈಕೊಟ್ಟಿತು, ನಿದ್ದೆ ಹೋಯಿತು, ದುಡ್ಡು ಹೋಯಿತು, ಸಂಸಾರ ಒಡೆಯಿತು. ಕೆಲವು ಕಾಲ ತಮ್ಮ ಗಾಡಿಯಲ್ಲೇ ಮಲಗುತ್ತಿದ್ದರು. 2002ರಲ್ಲಿ ತೀರಿಕೊಂಡಾಗ ಬರೀ 50 ವರ್ಷ.

ಪಿಟ್ಸ್‌ಬರ್ಗ್‌ನಲ್ಲಿ ಅವರ ಶವಪರೀಕ್ಷೆ ಮಾಡಿದವರು ಬೆನೆಟ್ ಒಮಾಲು, ನೈಜೀರಿಯಾದಿಂದ ಬಂದ ವೈದ್ಯರು. ಮಿದುಳು ಹೊರಗಿನಿಂದ ನೋಡಿದರೆ ಸಾಧಾರಣವಾಗೇ ಕಂಡಿತು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ತೆಳು ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟೌ ಅನ್ನುವ ಪ್ರೋಟೀನು ಅಲ್ಲಲ್ಲಿ ಗಂಟುಕಟ್ಟಿಕೊಂಡಿತ್ತು. 2005ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸಿಟಿಇ ಅಂತ ಕರೆಯುವ ಕಾಯಿಲೆ. ಅಲ್ಲಿಯವರೆಗೆ ಬಾಕ್ಸಿಂಗ್ ಆಡುವವರ ಕಾಯಿಲೆ ಅಂತಲೇ ಜನ ತಿಳಿದಿದ್ದರು.

ಎಲ್ಲರೂ ಹೆದರುವುದು ಮೈದಾನದಲ್ಲಿ ಪ್ರಜ್ಞೆ ತಪ್ಪಿ ಬೀಳುವ ದೊಡ್ಡ ಹೊಡೆತಕ್ಕೆ. ಲೈನ್‌ಮನ್‌ಗಳ ಕಷ್ಟ ಬೇರೆ. ಪ್ರತಿ ಸಲ ಚೆಂಡು ಎತ್ತಿದಾಗಲೂ ಎದುರಿನವನಿಗೆ ತಲೆ ತಾಗುತ್ತದೆ. ಒಂದೊಂದೂ ಸಣ್ಣದು. ಪ್ರಾಕ್ಟೀಸ್, ಪಂದ್ಯ, ಹೈಸ್ಕೂಲಿನಿಂದ ನಿವೃತ್ತಿಯವರೆಗೆ ಎಲ್ಲ ಸೇರಿದರೆ ಸಾವಿರಾರು ಪೆಟ್ಟು. ಯಾರೂ ಸ್ಟ್ರೆಚರ್ ತರುವುದಿಲ್ಲ, ಆಟ ನಿಲ್ಲುವುದಿಲ್ಲ. ಪೇಜ್ 15 ಸೀಸನ್ ಆಡಿ 70ರವರೆಗೆ ತೀರ್ಪು ಬರೆದರು ಅಂದರೆ ಸಂತೋಷ. ಅದರಿಂದ ಆ ಆಟ ಸುರಕ್ಷಿತ ಅಂತ ಯಾರೂ ತಿಳಿಯಬಾರದು.

ಬಾಸ್ಟನ್ ಬಳಗ

ಡಾಕ್ಟರ್ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಜಾನ್ ಅರ್ಶೆಲ್ ಇದ್ದಾರೆ. ಬಾಲ್ಟಿಮೋರ್ ರೇವನ್ಸ್ ತಂಡದ ಗಾರ್ಡ್. ಆಡುತ್ತಲೇ ಎಂಐಟಿಯಲ್ಲಿ ಗಣಿತದ ಪಿಎಚ್‌ಡಿಗೆ ಸೇರಿದರು. 2017ರ ಜುಲೈನಲ್ಲಿ ಒಂದು ಅಧ್ಯಯನ ಹೊರಬಂತು. ದಾನವಾಗಿ ಬಂದ, ಎನ್‌ಎಫ್‌ಎಲ್ ಅನ್ನುವ ಇದೇ ಲೀಗಿನ 111 ಮಾಜಿ ಆಟಗಾರರ ಮಿದುಳು ನೋಡಿದ್ದರು, 110ರಲ್ಲಿ ಈ ಕಾಯಿಲೆ ಇತ್ತು. ಅದಾದ ಎರಡೇ ದಿನಕ್ಕೆ ಅರ್ಶೆಲ್ ನಿವೃತ್ತಿ ಹೇಳಿದರು. ಆಗ ವಯಸ್ಸು 26. 2021ರಲ್ಲಿ ಪಿಎಚ್‌ಡಿ ಮುಗಿಸಿ ಈಗ ಅಲ್ಲೇ ಪಾಠ ಹೇಳುತ್ತಾರೆ.

ಮೈಸೂರು ಡಾಕ್ಟರಮ್ಮ

ಆ 111 ಮಿದುಳುಗಳಲ್ಲಿ ಹೆಚ್ಚಿನವು ಮೊದಲೇ ತೊಂದರೆ ಕಂಡ ಮನೆಯವರು ಕೊಟ್ಟವು ಅನ್ನುವುದು ನೆನಪಿರಲಿ. ಹಾಗಾಗಿ ಎಲ್ಲ ಆಟಗಾರರಿಗೂ ಅದೇ ಪ್ರಮಾಣ ಅಂತ ಹೇಳಲಾಗದು. ಅರ್ಶೆಲ್ ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ಧಾರವಾಡ ಕೋರ್ಟ್ ಸರ್ಕಲ್

ಕೋರ್ಟಿನ ಕಡೆಗೆ ಬರೋಣ. ಪೇಜ್ ಸಾಹೇಬರು ಜಡ್ಜ್ ಆಗಿದ್ದು ಚುನಾವಣೆಯಿಂದ ಅಂತ ಓದಿದ್ದೆ. ನಮ್ಮಲ್ಲಿ ಕೊಲಿಜಿಯಂ ಹೆಸರು ಕಳಿಸಬೇಕು, ರಾಷ್ಟ್ರಪತಿ ನೇಮಿಸಬೇಕು. ಜನ ಓಟು ಹಾಕಿ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿ ಕಳಿಸುವುದು ನನಗೆ ಇನ್ನೂ ಗಂಟಲಲ್ಲಿ ಇಳಿಯದ ಮಾತು. ಪ್ರಚಾರಕ್ಕೆ ದುಡ್ಡು ಕೊಟ್ಟವನ ಕೇಸು ಮುಂದೆ ಬಂದರೆ?

ಸೇಂಟ್‌ಪಾಲ್ ಕನ್ನಡಿಗ

ವಕೀಲರೇ, ನಿಮ್ಮ ಆತಂಕ ಇಲ್ಲೂ ಬಹಳ ಜನಕ್ಕೆ ಇದೆ. ಆದರೆ ಪೇಜ್ ಕಥೆಯಲ್ಲಿ ಚುನಾವಣೆ ಇದ್ದದ್ದರಿಂದಲೇ ಬಾಗಿಲು ತೆರೆಯಿತು.

1985ರಿಂದ ಅವರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಇದ್ದರು. 1992ರಲ್ಲಿ ಸುಪ್ರೀಂ ಕೋರ್ಟಿನ ಒಂದು ಸ್ಥಾನದ ಅವಧಿ ಮುಗಿಯುತ್ತಿತ್ತು, ಚುನಾವಣೆ ನಡೆಯಬೇಕಿತ್ತು. ಅಲ್ಲಿದ್ದ ನ್ಯಾಯಮೂರ್ತಿಯ ನಿವೃತ್ತಿ ಸೌಲಭ್ಯಕ್ಕೆ ಅನುಕೂಲವಾಗಲಿ ಅಂತ ಗವರ್ನರ್ ಆರ್ನಿ ಕಾರ್ಲ್‌ಸನ್ ಅವಧಿ ವಿಸ್ತರಿಸಿದರು. ಆ ಸ್ಥಾನಕ್ಕೆ ಚುನಾವಣೆಯೇ ಇಲ್ಲ ಅಂತಾಯಿತು. ಪೇಜ್ ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ತಾವು ಸೇರಬೇಕೆಂದಿದ್ದ ಅದೇ ಸುಪ್ರೀಂ ಕೋರ್ಟಿಗೆ. ಅಲ್ಲಿದ್ದ ನ್ಯಾಯಮೂರ್ತಿಗಳೆಲ್ಲ ಪ್ರಕರಣದಿಂದ ಹಿಂದೆ ಸರಿದರು. ಬೇರೆ ನ್ಯಾಯಾಧೀಶರ ಪೀಠ ಕೂತು, ಚುನಾವಣೆ ನಡೆಯಲೇಬೇಕು ಅಂತ ಹೇಳಿತು. ಪೇಜ್ ನಿಂತರು, ಗೆದ್ದರು. ಆ ಪೀಠದಲ್ಲಿ ಕೂತ ಮೊದಲ ಕಪ್ಪು ನ್ಯಾಯಮೂರ್ತಿ. ಆಮೇಲೆ 1998, 2004, 2010ರಲ್ಲೂ ಜನ ಆರಿಸಿದರು. 2015ರ ಆಗಸ್ಟ್‌ನಲ್ಲಿ 70 ತುಂಬಿತು. ಇಲ್ಲಿನ ಕಾನೂನಿನಂತೆ ಕೆಳಗಿಳಿದರು.

ನೇಮಕ ಅಂತಿದ್ದರೆ ಯಾರ ಕಣ್ಣಿಗಾದರೂ ಬೀಳಬೇಕಿತ್ತು. ಇವರು ಕಾಯದೆ ಮುನ್ನುಗ್ಗಿದರು.

ಅವರು ಪೀಠದಲ್ಲಿದ್ದಾಗಿನ ಒಂದು ಪ್ರಕರಣ ನಿಮಗೆ ಆಸಕ್ತಿ ಹುಟ್ಟಿಸಬಹುದು. 2008ರ ಸೆನೆಟ್ ಚುನಾವಣೆಯಲ್ಲಿ ನಾರ್ಮ್ ಕೋಲ್ಮನ್ ಮತ್ತು ಆಲ್ ಫ್ರಾಂಕನ್ ನಡುವೆ ಮರುಎಣಿಕೆ, ಆಮೇಲೆ ಕೆಳಗಿನ ಕೋರ್ಟಿನ ವಿಚಾರಣೆ ಆಗಿ, ವ್ಯತ್ಯಾಸ 312 ಓಟಿಗೆ ನಿಂತಿತು. ಮುಖ್ಯ ನ್ಯಾಯಮೂರ್ತಿ ಎಣಿಕೆಯ ಮಂಡಳಿಯಲ್ಲಿ ಇದ್ದುದರಿಂದ ಪೀಠದಿಂದ ಹೊರಗುಳಿದರು. ವಿಚಾರಣೆಯ ಅಧ್ಯಕ್ಷತೆ ಪೇಜ್ ಅವರದ್ದು. 2009ರ ಜೂನ್ 30ರಂದು ಐವರೂ ಒಂದೇ ದನಿಯಲ್ಲಿ ಫ್ರಾಂಕನ್ ಗೆದ್ದರು ಅಂತ ಹೇಳಿದರು. ಕೋಲ್ಮನ್ ಅವತ್ತೇ ಸೋಲು ಒಪ್ಪಿಕೊಂಡರು.

ಧಾರವಾಡ ಕೋರ್ಟ್ ಸರ್ಕಲ್

ತಾನು ಕೂರಬೇಕಾದ ಕುರ್ಚಿಗೇ ರಿಟ್ ಹಾಕಿ ಗೆಲ್ಲುವುದು ಅಂದರೆ ಸಣ್ಣ ಮಾತಲ್ಲ ಬಿಡಿ. ನಮ್ಮಲ್ಲಿ ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ವಯಸ್ಸಿನ ಮಿತಿ. 70ರವರೆಗೆ ಅನ್ನುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ.

ಮಿನಿಯಾಪೊಲಿಸ್ ಅಮ್ಮ

ಅಣ್ಣ, ಈ ಬರಹ ನೋಡಿ ತುಂಬ ಖುಷಿ ಆಯ್ತು. ನನ್ನ ಮಗಳು ಓದುತ್ತಿರುವುದು ಅವರ ಹೆಸರಿನ ಶಾಲೆಯಲ್ಲಿ, ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್. ಮೊದಲು ಅದಕ್ಕೆ ರಾಜ್ಯದ ಹಳೆಯ ಗವರ್ನರ್ ಅಲೆಕ್ಸಾಂಡರ್ ರ್‍ಯಾಮ್ಸಿ ಹೆಸರಿತ್ತು. ಡಕೋಟಾ ಮೂಲನಿವಾಸಿಗಳನ್ನು ಇಲ್ಲಿಂದ ಓಡಿಸಬೇಕು ಅಂದವರು ಅವರು. ಹೆಸರು ಬದಲಿಸಬೇಕು ಅಂತ ಮಕ್ಕಳೇ ಪಟ್ಟು ಹಿಡಿದರು. 2017ರಲ್ಲಿ ಬದಲಾಯಿತು.

ಅವರ ಕಿರುಬೆರಳು ನೋಡಿದ್ದೀರಾ? ಆಟದಲ್ಲಿ ಎಷ್ಟೋ ಸಲ ಕೀಲು ತಪ್ಪಿ, ನಡುವಿನ ಗೆಣ್ಣಿನಿಂದ ಹೊರಗೆ ಅಡ್ಡಕ್ಕೆ ತಿರುಗಿ ನಿಂತುಬಿಟ್ಟಿದೆ. ಕೈ ನೇರ ಚಾಚಿದರೆ ನಾಲ್ಕು ಬೆರಳು ಮುಂದೆ, ಆ ಒಂದು ಪಕ್ಕಕ್ಕೆ. ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅವರು ಕೈ ಮುಚ್ಚಿಕೊಳ್ಳುವುದಿಲ್ಲ. ಮಗಳ ಜೊತೆ ಸೇರಿ ಆ ಬೆರಳಿನ ಬಗ್ಗೆಯೇ ಮಕ್ಕಳಿಗೆ ಪುಸ್ತಕ ಬರೆದಿದ್ದಾರೆ. ಇಲ್ಲಿನ ಮ್ಯಾರಥಾನ್ ದಿನ ಸೂಸಾಫೋನ್ ಅನ್ನುವ ಆ ದೊಡ್ಡ ಹಿತ್ತಾಳೆ ವಾದ್ಯವನ್ನು ಮೈಗೆ ಸುತ್ತಿಕೊಂಡು, ಓಡುವವರಿಗೆ ಹುರುಪು ಬರಲಿ ಅಂತ ದಾರಿ ಬದಿಯಲ್ಲಿ ನಿಂತು ಊದುತ್ತಾರೆ.

ಸೇಂಟ್‌ಪಾಲ್ ಕನ್ನಡಿಗ

ಅಕ್ಕ, ನೀವು ಶಾಲೆ ವಿಷಯ ತಂದದ್ದು ಒಳ್ಳೆಯದಾಯಿತು.

ವೈಕಿಂಗ್ಸ್‌ನಲ್ಲಿದ್ದಾಗ ಒಮ್ಮೆ ಕೋಚ್ ಲೈನ್‌ಮನ್‌ಗಳನ್ನು ಕೂರಿಸಿಕೊಂಡು ಪ್ಲೇಬುಕ್, ಅಂದರೆ ತಂಡದ ಆಟದ ತಂತ್ರಗಳ ಪುಸ್ತಕ, ಗಟ್ಟಿಯಾಗಿ ಓದಿಸಿದರು. ಒಬ್ಬೊಬ್ಬರಾಗಿ ಓದುತ್ತಾ ಬಂದಾಗ ಕೆಲವರಿಗೆ ಓದಲು ಬರುವುದಿಲ್ಲ ಅಂತ ಗೊತ್ತಾಯಿತು. ಎಲ್ಲರೂ ಕಾಲೇಜು ಮೆಟ್ಟಿಲು ಹತ್ತಿ ಬಂದವರೇ. ಆಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಇವರನ್ನು ತರಗತಿಯಿಂದ ತರಗತಿಗೆ ದಾಟಿಸಿಬಿಟ್ಟಿದ್ದರು. ಪೇಜ್ ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. 1988ರಲ್ಲಿ ಹಾಲ್ ಆಫ್ ಫೇಮ್ ವೇದಿಕೆಯಲ್ಲಿ ಅವರನ್ನು ಪರಿಚಯಿಸಲು ಕೋಚ್ ಬರಲಿಲ್ಲ, ಜೊತೆ ಆಡಿದವರು ಬರಲಿಲ್ಲ. ಮಿನಿಯಾಪೊಲಿಸ್‌ನ ಹೈಸ್ಕೂಲ್ ಪ್ರಿನ್ಸಿಪಾಲ್ ವಿಲ್ಲರೀನ್ ಬೀಸ್ಲಿ ಅವರನ್ನು ಪೇಜ್ ಕರೆದಿದ್ದರು. ಭಾಷಣದಲ್ಲಿ ಮಾತಾಡಿದ್ದೂ ಮಕ್ಕಳ ಓದಿನ ಬಗ್ಗೆಯೇ.

ಅದೇ ವರ್ಷ ಪೇಜ್ ಎಜುಕೇಶನ್ ಫೌಂಡೇಶನ್ ಶುರುವಾಯಿತು. ಕಾಲೇಜು ಓದಲು ದುಡ್ಡು ಕೊಡುತ್ತಾರೆ. ಪಡೆದವರು ವರ್ಷಕ್ಕೆ ಕನಿಷ್ಠ 50 ಗಂಟೆ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ನನಗೆ ದುಡ್ಡಿಗಿಂತ ಈ 50 ಗಂಟೆಯೇ ದೊಡ್ಡದು. ತಮ್ಮ ಹಾಗೇ ಇರುವ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು ಲೆಕ್ಕ ಬಿಡಿಸುವುದನ್ನು ಎರಡನೇ ಕ್ಲಾಸಿನ ಮಗು ನೋಡುತ್ತದೆ, ಅಲ್ವಾ?

ಇದನ್ನು ಕಟ್ಟಿ ಬೆಳೆಸಿದ್ದರಲ್ಲಿ ಡಯಾನ್ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ. ಗುಲಾಮಗಿರಿಯ ಕಾಲದಿಂದ ಈಚಿನ ವಸ್ತುಗಳನ್ನು ಇಬ್ಬರೂ ಸೇರಿ ವರ್ಷಗಟ್ಟಲೆ ಕೂಡಿಸಿದ್ದರು. 2018ರಲ್ಲಿ ಮಿನಿಯಾಪೊಲಿಸ್‌ನ ಸೆಂಟ್ರಲ್ ಲೈಬ್ರರಿಯಲ್ಲಿ ಅವನ್ನು ಊರಿಗೆಲ್ಲ ತೋರಿಸಿದರು. ಆ ಸೆಪ್ಟೆಂಬರ್‌ನಲ್ಲೇ ಡಯಾನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ನವೆಂಬರ್‌ನಲ್ಲಿ ಪೇಜ್‌ಗೆ ಶ್ವೇತಭವನದಲ್ಲಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಸಿಕ್ಕಿತು.

ಈಗ ಅವರು ಹಿಡಿದಿರುವ ಕೆಲಸ ಸಂವಿಧಾನ ತಿದ್ದುಪಡಿ. ಮಿನ್ನೆಸೋಟಾ ಸಂವಿಧಾನದಲ್ಲಿ ಶಾಸನಸಭೆ ಎಲ್ಲ ಕಡೆ ಒಂದೇ ರೀತಿಯ ಸರ್ಕಾರಿ ಶಾಲೆಗಳನ್ನು ನಡೆಸಬೇಕು ಅಂತಿದೆ. ಅದು 1857ರ ಭಾಷೆ. ಸರ್ಕಾರ ಏನು ಮಾಡಬೇಕು ಅಂತ ಹೇಳುತ್ತದೆ, ಮಗುವಿಗೆ ಏನು ಸಿಗಬೇಕು ಅಂತ ಹೇಳುವುದಿಲ್ಲ. ಗುಣಮಟ್ಟದ ಸರ್ಕಾರಿ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ಬರೆಯಬೇಕು ಅನ್ನುವುದು ಪೇಜ್ ವಾದ. 2020ರಲ್ಲಿ ಇದನ್ನು ಅವರ ಜೊತೆ ಮುಂದಿಟ್ಟವರು ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ, ಕಾಶ್ಮೀರದಿಂದ ಬಂದ ತಂದೆತಾಯಿಯ ಮಗ. ಇಲ್ಲಿ ಬಿಳಿ ಮಕ್ಕಳಿಗೂ ಉಳಿದ ಮಕ್ಕಳಿಗೂ ಓದಿನಲ್ಲಿ ಇರುವ ಅಂತರ ದೇಶದಲ್ಲೇ ಕೆಟ್ಟದ್ದರಲ್ಲಿ ಒಂದು. ಶಿಕ್ಷಕರ ಸಂಘ ತಿದ್ದುಪಡಿಗೆ ವಿರೋಧ. ಈಗಿರುವ ಕಟ್ಟಳೆ ಸಡಿಲವಾಗುತ್ತದೆ, ಎಲ್ಲವೂ ಕೋರ್ಟಿಗೆ ಹೋಗುತ್ತದೆ ಅಂತ ಅವರ ಭಯ. ನಾನು ಪೇಜ್ ಪರ.

ಧಾರವಾಡ ಕೋರ್ಟ್ ಸರ್ಕಲ್

ಇದು ಓದಿ ನನಗೆ ಮೈ ನವಿರೆದ್ದಿತು. ಪೇಜ್ ಗೆದ್ದ 1992ರಲ್ಲೇ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪು ಬಂತು. ಉತ್ತರ ಪ್ರದೇಶದ ವಿದ್ಯಾರ್ಥಿನಿ, ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಕ್ಯಾಪಿಟೇಶನ್ ಫೀ ಸಲ್ಲದು, ಶಿಕ್ಷಣ ಹಕ್ಕು ಅಂತ ಕೋರ್ಟು ಹೇಳಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14 ವರ್ಷದೊಳಗಿನ ಮಕ್ಕಳಿಗೆ ಅಂತ ಸೀಮಿತ ಮಾಡಿದರು. 2002ರಲ್ಲಿ 86ನೇ ತಿದ್ದುಪಡಿ, 2009ರಲ್ಲಿ ಆರ್‌ಟಿಇ ಕಾಯ್ದೆ.

ಹಕ್ಕು ಅಂತ ಬರೆದ ಮಾತ್ರಕ್ಕೆ ಮಗುವಿಗೆ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ ಅನ್ನುವುದು ನಮ್ಮ ಅನುಭವ. ಆದರೆ ಬರೆದಿದ್ದರಿಂದ ಬಡವರ ಮನೆಯವರು ಕೋರ್ಟಿನ ಬಾಗಿಲು ತಟ್ಟಬಹುದಾಯಿತು. ಬರೆಯದಿದ್ದರೆ ಅದೂ ಇಲ್ಲ. ಆ ಕಾರಣಕ್ಕೆ ನಾನೂ ಪೇಜ್ ಸಾಹೇಬರ ಕಡೆ.

ಮಂಡ್ಯ ಪಿ.ಇ. ಮೇಷ್ಟ್ರು

ಪ್ಲೇಬುಕ್ ಓದಲು ಬಾರದ ಆಟಗಾರರ ಮಾತು ನನ್ನನ್ನು ಕಾಡುತ್ತಿದೆ. ನಮ್ಮಲ್ಲೂ ಚೆನ್ನಾಗಿ ಆಡುವ ಹುಡುಗ ಕ್ಲಾಸು ತಪ್ಪಿಸಿದರೆ ಕ್ರೀಡಾಕೂಟ ಇದೆ ಬಿಡಿ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಈ ವರ್ಷ ತಂಡಕ್ಕೆ ಒಂದು ನಿಯಮ ಮಾಡುತ್ತೇನೆ. ಸಂಜೆ ಪ್ರಾಕ್ಟೀಸಿಗೆ ಮೊದಲು ಅರ್ಧ ಗಂಟೆ ಓದು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡಬೇಕು.

ಮಿನಿಯಾಪೊಲಿಸ್ ಅಮ್ಮ

ಅಣ್ಣ, ಆ ವಿದ್ಯಾರ್ಥಿವೇತನಕ್ಕೆ ನಮ್ಮ ಮಕ್ಕಳೂ ಅರ್ಜಿ ಹಾಕಬಹುದಾ? ಮಗ ಈಗ ಹೈಸ್ಕೂಲ್ ಕೊನೆಯ ವರ್ಷ.

ಸೇಂಟ್‌ಪಾಲ್ ಕನ್ನಡಿಗ

ಹಾಕಬಹುದು ಅಕ್ಕ. ಅದು ಬಿಳಿಯರಲ್ಲದ ಎಲ್ಲ ಸಮುದಾಯದ ಮಕ್ಕಳಿಗೂ ಇರುವ ಯೋಜನೆ. ಮಿನ್ನೆಸೋಟಾದ ಹೈಸ್ಕೂಲಿನಲ್ಲಿ ಮುಗಿಸಿ, ಇಲ್ಲಿನದ್ದೇ ಕಾಲೇಜಿಗೆ ಸೇರಬೇಕು. ಈ ಸಲದ ನಿಯಮ, ಕೊನೆಯ ದಿನಾಂಕ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. 50 ಗಂಟೆ ಎಲ್ಲಿ ಪಾಠ ಹೇಳಿಕೊಡುತ್ತಾನೆ ಅಂತ ಮಗ ಈಗಲೇ ಯೋಚಿಸಿಟ್ಟುಕೊಳ್ಳಲಿ. ನಮ್ಮ ಮನೆ ಹತ್ತಿರದ ಲೈಬ್ರರಿಯಲ್ಲಿ ಶಾಲೆ ಬಿಟ್ಟ ಮೇಲೆ ಹೋಮ್‌ವರ್ಕ್‌ಗೆ ಸಹಾಯ ಮಾಡುವವರು ಯಾವಾಗಲೂ ಬೇಕು. ಬೇಕಿದ್ದರೆ ಯಾರನ್ನು ಕೇಳಬೇಕು ಅಂತ ಹೇಳುತ್ತೇನೆ, ನನಗೆ ಮೆಸೇಜ್ ಮಾಡಿ.